ಹೊತ್ತಿನ ಬೆಲೆ

(ಬಾನುಲಿ ಭಾಷಣ)

ಕನ್ನಡದಲ್ಲಿ ‘ಹೊತ್ತು’ ಎಂಬುದು ಎರಡು ಅರ್ಥಗಳ ಒಂದು ಮಾತು. ‘ಹೊತ್ತು ಹುಟ್ಟಿತು’, ‘ಹೊತ್ತು ಮುಳುಗಿತು’ ಎಂದಾಗ ಅದು ಸೂರ್ಯ. ‘ಊಟದ ಹೊತ್ತು’, ‘ಹೊತ್ತು ಕಳೆಯಿತು’ ಎಂದಾಗ ಅದು ಕಾಲ. ನೆತ್ತಿಯ ಮೇಲಣ ಸೂರ್ಯನನ್ನು ನೋಡಿ ದಿನದ ದುಡಿಮೆಯನ್ನು ಅಳೆಯುತ್ತಿದ್ದ ಜನಕ್ಕೆ ಇವೆರಡಕ್ಕೂ ಬೇರೆ ಬೇರೆ ಹೆಸರು ಬೇಕೆನಿಸಲಿಲ್ಲ. ಗುಂಡಿಯೊತ್ತಿದರೆ ದೀಪ ಬೆಳಗುವ ಕಾಲ ಬಂದ ಮೇಲೆ ಈ ನಂಟು ಸಡಿಲವಾಯಿತು. ನಡುರಾತ್ರಿಯೂ ನಡುಹಗಲೂ ನಮಗೆ ಒಂದೇ ಆದವು. ವಿದ್ಯುತ್ತಿಗೆ ನಾವು ತೆರುವ ಬೆಲೆಯೂ ಎರಡು ಹೊತ್ತಿನಲ್ಲಿಯೂ ಒಂದೇ ಆಯಿತು. ಈಗ ಸೂರ್ಯನಿಂದಲೇ ವಿದ್ಯುತ್ತನ್ನು ಪಡೆಯತೊಡಗಿದ್ದೇವೆ. ಅದರೊಡನೆ ಹಳೆಯ ನಂಟು ಮತ್ತೆ ಬಿಗಿಯಾಗುತ್ತಿದೆ. ‘ಒಂದು ಯೂನಿಟ್ ವಿದ್ಯುತ್ತಿಗೆ ಬೆಲೆಯೆಷ್ಟು?’ ಎಂದು ಕೇಳಿದರೆ, ‘ಯಾವ ಹೊತ್ತಿನಲ್ಲಿ?’ ಎಂಬ ಮರುಪ್ರಶ್ನೆ ಬರುವ ಕಾಲ ಇದು. ಆ ಮರುಪ್ರಶ್ನೆಯ ಹಿಂದಿರುವ ಸಂಗತಿಯನ್ನು ಕುರಿತು ಕೆಲವು ಮಾತುಗಳನ್ನು ಇಲ್ಲಿ ಹೇಳಬೇಕೆಂದಿದ್ದೇನೆ.

ವಿದ್ಯುತ್ತು ಉಳಿದ ಸರಕುಗಳಂಥ ಸರಕಲ್ಲ. ರಾಗಿಯನ್ನು ಹಗೇವಿನಲ್ಲಿ ತುಂಬಿಡಬಹುದು, ಎಣ್ಣೆಯನ್ನು ಪೀಪಾಯಿಯಲ್ಲಿಡಬಹುದು, ಬಟ್ಟೆಯನ್ನು ಮಳಿಗೆಯಲ್ಲಿ ಪೇರಿಸಿಡಬಹುದು. ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಹಾಗೆ ಕೂಡಿಡಲು ಬಾರದು. ಅದು ಹುಟ್ಟಿದ ಕ್ಷಣದಲ್ಲಿಯೇ ಬಳಕೆಯಾಗಬೇಕು. ಬಳಕೆಗೆ ಬೇಕಾದ ಕ್ಷಣದಲ್ಲಿಯೇ ಹುಟ್ಟಬೇಕು. ಒಂದು ಮದುವೆಯ ಮನೆಯನ್ನು ಊಹಿಸಿಕೊಳ್ಳಿ. ಪಂಕ್ತಿಗೆ ಎಷ್ಟು ಜನ ಕೂಡುವರೆಂದು ಅಡಿಗೆಯವನಿಗೆ ಮುಂಚಿತವಾಗಿ ಖಚಿತವಿಲ್ಲ. ಆದರೂ ಎಲೆ ಹಾಕಿದ ಗಳಿಗೆಯಲ್ಲಿ ಅನ್ನ ಬೆಂದಿರಬೇಕು. ಒಂದು ಎಲೆಯೂ ಬರಿದಾಗಿರಬಾರದು, ಪಾತ್ರೆಯಲ್ಲಿ ಒಂದು ಅಗುಳೂ ಮಿಗಬಾರದು. ವಿದ್ಯುತ್ ಜಾಲವೆಂಬುದು ಇಂಥ ಅಡಿಗೆಮನೆ. ನಮ್ಮ ದೇಶದಲ್ಲಿ ಈ ಜಾಲದ ನಾಡಿ ಸೆಕೆಂಡಿಗೆ 50 ಸಲ ಮಿಡಿಯುತ್ತದೆ. ಇದಕ್ಕೆ ಆವರ್ತಾಂಕವೆಂದು ಹೆಸರು. ಬಳಕೆಗೆ ಉತ್ಪಾದನೆ ಸಾಲದೆ ಹೋದರೆ ನಾಡಿ ಇಳಿಯುತ್ತದೆ. ಉತ್ಪಾದನೆ ಮಿಕ್ಕರೆ ಏರುತ್ತದೆ. 49.90ರಿಂದ 50.05ರ ನಡುವೆ ಅದನ್ನು ಹಿಡಿದಿಡಬೇಕೆಂದು ನಿಯಮ. ಮಿತಿ ಮೀರಿ ತಪ್ಪಿದರೆ, ಯಂತ್ರಗಳು ತಮ್ಮನ್ನು ಕಾಪಾಡಿಕೊಳ್ಳಲು ಒಂದೊಂದಾಗಿ ಜಾಲದಿಂದ ಕಳಚಿಕೊಳ್ಳುತ್ತವೆ. 2012ರ ಜುಲೈ 30 ಮತ್ತು 31ರಂದು ಕೆಲವು ತಂತಿಮಾರ್ಗಗಳ ಮೇಲಿನ ಹೊರೆ ಮಿತಿಮೀರಿ, ಉತ್ತರ ಭಾರತದಲ್ಲಿ ಒಂದರ ಹಿಂದೊಂದು ಕಳಚುತ್ತ ಹೋಗಿ, ಎರಡನೆಯ ದಿನ ಸುಮಾರು 60 ಕೋಟಿ ಜನರ ನಾಡು ವಿದ್ಯುತ್ತಿಲ್ಲದೆ ನಿಂತಿತು. ಸಮತೋಲವೆಂಬುದು ಇಲ್ಲಿ ಅಲಂಕಾರದ ಮಾತಲ್ಲ.

ಈ ಅಡಿಗೆಮನೆ ನೂರು ವರ್ಷಗಳಿಂದ ಒಂದೇ ಸೂತ್ರದ ಮೇಲೆ ನಡೆದುಬಂದಿದೆ: ಉಣ್ಣುವವನು ಕೇಳಿದಾಗ ಬಡಿಸಬೇಕು. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಹಗಲಿರುಳೂ ದುಡಿಯುವ ಗಣಿಗಳ ಬೇಡಿಕೆ ಹೆಚ್ಚು ಏರಿಳಿಯುತ್ತಿರಲಿಲ್ಲವಾದ್ದರಿಂದ ಬಡಿಸುವವನಿಗೆ ಕಷ್ಟವಿರಲಿಲ್ಲ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಬೀದಿದೀಪಕ್ಕೆ ಬೇಕಾದದ್ದು ಸಂಜೆಯ ಮೇಲೆ. ಅಲ್ಲಿಂದ ಮುಂದೆ ಬೇಡಿಕೆಯ ಏರಿಳಿತ ಬೆಳೆಯುತ್ತ ಬಂತು. ಅದಕ್ಕೆ ತಕ್ಕಂತೆ ಬಡಿಸುವ ಕೈಯೂ ಬೆಳೆಯಿತು. 1948ರಲ್ಲಿ ಜೋಗ, 1960ರ ದಶಕದಲ್ಲಿ ಶರಾವತಿ, 1985ರಲ್ಲಿ ರಾಯಚೂರಿನ ಶಾಖೋತ್ಪನ್ನ ಕೇಂದ್ರ. ಲಿಂಗನಮಕ್ಕಿಯಲ್ಲಿ ನಿಂತ ನೀರಿಗೆ ಒಂದು ದೊಡ್ಡ ಗುಣವುಂಟು. ಅದು ಕಾಯುತ್ತದೆ. ಬಾಗಿಲು ತೆರೆದರೆ ಕೆಲವು ನಿಮಿಷಗಳಲ್ಲಿ ವಿದ್ಯುತ್ತಾಗುತ್ತದೆ. ಮುಚ್ಚಿದರೆ ನೀರಾಗಿಯೇ ಉಳಿಯುತ್ತದೆ. ರಾಶಿ ಹಾಕಿದ ಕಲ್ಲಿದ್ದಲೂ ಹಾಗೆಯೇ ಕಾಯುತ್ತದೆ, ತುಸು ನಿಧಾನವಾಗಿ ಏಳುತ್ತದೆ ಅಷ್ಟೆ. ಬಡಿಸುವ ಕಡೆ ಇಷ್ಟು ತಾಳ್ಮೆಯಿದ್ದುದರಿಂದಲೇ ಉಣ್ಣುವ ಕಡೆ ನಾವು ತಾಳ್ಮೆಯನ್ನು ಕಲಿಯಬೇಕಾಗಿ ಬರಲಿಲ್ಲ.

ಕಲ್ಲಿದ್ದಲನ್ನು ಉರಿಸಿದ ಹೊಗೆಯಿಂದ ಭೂಮಿಯ ಹವೆಯೇ ಬಿಸಿಯೇರುತ್ತಿದೆ ಎಂಬುದನ್ನು ಈಗ ಮತ್ತೆ ವಿವರಿಸಬೇಕಾಗಿಲ್ಲ. ಇಂಗಾಲಾಮ್ಲವನ್ನು ಉಗುಳದ ಸೂರ್ಯನ ಬಿಸಿಲಿಗೂ ಗಾಳಿಗೂ ನಾವು ತಿರುಗಿದ್ದೇವೆ. ಕರ್ನಾಟಕ ಇದರಲ್ಲಿ ಹಿಂದುಳಿದಿಲ್ಲ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ, ತಿರುಮಣಿಯ ಸುತ್ತಣ ಹಳ್ಳಿಗಳಲ್ಲಿ, ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ನೆಲದ ಮೇಲೆ ಸೌರ ಫಲಕಗಳು ಹರಡಿಕೊಂಡಿವೆ. 2019ರ ಕೊನೆಯ ಹೊತ್ತಿಗೆ ಅಲ್ಲಿನ ಸಾಮರ್ಥ್ಯ 2,050 ಮೆಗಾವಾಟ್ ಮುಟ್ಟಿತು. ಶರಾವತಿಯ 1,035 ಮೆಗಾವಾಟಿನ ಸರಿಸುಮಾರು ಇಮ್ಮಡಿ. ಮಳೆ ಸರಿಯಾಗಿ ಬಾರದೆ ಜನ ಗುಳೆ ಹೋಗುತ್ತಿದ್ದ ಸೀಮೆಯಲ್ಲಿ ಬಿಸಿಲೇ ಬೆಳೆಯಾಯಿತು. ಚಿತ್ರದುರ್ಗ, ಗದಗಗಳ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಆದರೆ ಬಿಸಿಲಿಗೆ ಲಿಂಗನಮಕ್ಕಿಯ ತಾಳ್ಮೆಯಿಲ್ಲ. ಅದು ತನ್ನ ಹೊತ್ತಿಗೆ ಬರುತ್ತದೆ, ತನ್ನ ಹೊತ್ತಿಗೆ ಹೋಗುತ್ತದೆ; ನಡುವೆ ಒಂದು ಮೋಡ ಬಂದರೆ ತಲೆ ಮರೆಸಿಕೊಳ್ಳುತ್ತದೆ. ಗಾಳಿಯಾದರೋ ಮುಂಗಾರಿನ ತಿಂಗಳುಗಳಲ್ಲಿ ಬೀಸಿ, ಬೇಸಿಗೆಯ ಸಂಜೆಗಳಲ್ಲಿ ಅನೇಕ ವೇಳೆ ಬೆನ್ನು ತೋರಿಸುತ್ತದೆ.

ಇದರ ಪರಿಣಾಮ ಪೇಟೆಯಲ್ಲಿ ಕಾಣುತ್ತದೆ. ವಿದ್ಯುತ್ತಿಗೂ ಒಂದು ಪೇಟೆಯುಂಟು ಎಂಬುದು ಅನೇಕರಿಗೆ ಹೊಸ ಸಂಗತಿಯಾಗಬಹುದು. ನಮ್ಮ ದೇಶದಲ್ಲಿ 2008ರಿಂದ ಅಂಥ ವಿನಿಮಯ ಕೇಂದ್ರ ನಡೆಯುತ್ತಿದೆ. ನಾಳೆಯ ದಿನವನ್ನು ಹದಿನೈದು ಹದಿನೈದು ನಿಮಿಷಗಳ 96 ತುಂಡುಗಳಾಗಿ ಕತ್ತರಿಸಿ, ಒಂದೊಂದು ತುಂಡಿಗೂ ಕೊಳ್ಳುವವರು ಎಷ್ಟು ಬೆಲೆಗೆ ಎಷ್ಟು ಬೇಕೆಂದೂ, ಮಾರುವವರು ಎಷ್ಟು ಬೆಲೆಗೆ ಎಷ್ಟು ಕೊಡುವೆವೆಂದೂ ಬರೆದುಕೊಡುತ್ತಾರೆ. ಎರಡೂ ಕೂಡುವ ಬಿಂದುವಿನಲ್ಲಿ ಆ ಹದಿನೈದು ನಿಮಿಷದ ಬೆಲೆ ನಿಲ್ಲುತ್ತದೆ. 2020ರ ಜೂನ್‌ನಿಂದ ಒಂದು ಗಂಟೆಯಷ್ಟು ಮುಂಚೆ ನಡೆಯುವ ತತ್ಕಾಲದ ಪೇಟೆಯೂ ಇದಕ್ಕೆ ಸೇರಿದೆ. ದೇಶದ ಒಟ್ಟು ವಿದ್ಯುತ್ತಿನ ಸಣ್ಣ ಪಾಲು ಮಾತ್ರ ಇಲ್ಲಿ ಕೈಬದಲಾಗುತ್ತದೆ. ಬಹುಪಾಲು ದೀರ್ಘಾವಧಿಯ ಕರಾರುಗಳ ಮೂಲಕವೇ ಬರುತ್ತದೆ. ಆದರೂ ಹೊತ್ತಿನ ಬೆಲೆ ಕನ್ನಡಿಯಲ್ಲಿ ಕಂಡಂತೆ ಕಾಣುವುದು ಇಲ್ಲಿಯೇ. ಬಿಸಿಲೇರಿದ ನಡುಹಗಲಿನಲ್ಲಿ ಕೆಲವು ದಿನ ಯೂನಿಟ್ಟಿಗೆ ಎರಡು ರೂಪಾಯಿಗಿಂತ ಕೆಳಗಿಳಿಯುವ ಬೆಲೆ, ಹೊತ್ತು ಮುಳುಗಿ ಮನೆಮನೆಯ ದೀಪ ಹತ್ತಿದ ಮೇಲೆ ಮೇಲ್ಮಿತಿಗೆ ತಾಗುತ್ತದೆ. ಆ ಮೇಲ್ಮಿತಿಯನ್ನು 2023ರ ಏಪ್ರಿಲಿನಲ್ಲಿ 10 ರೂಪಾಯಿಗೆ ನಿಗದಿ ಮಾಡಿದರು. ಒಂದೇ ದಿನ, ಒಂದೇ ತಂತಿ, ಒಂದೇ ಯೂನಿಟ್. ಬೆಲೆ ಐದು ಪಟ್ಟು ವ್ಯತ್ಯಾಸ.

ಹಗಲು ಮಿಕ್ಕದ್ದನ್ನು ಸಂಜೆಗೆ ಒಯ್ಯಲು ಎರಡು ದಾರಿಗಳಿವೆ. ಒಂದು, ವಿದ್ಯುತ್ತನ್ನು ಬೇರೆ ರೂಪದಲ್ಲಿ ಕೂಡಿಡುವುದು. ಬ್ಯಾಟರಿಗಳಲ್ಲಿ ತುಂಬಬಹುದು, ಕೆಳಗಿನ ಜಲಾಶಯದ ನೀರನ್ನು ಹಗಲಿನಲ್ಲಿ ಮೇಲಕ್ಕೆತ್ತಿ ಸಂಜೆ ಕೆಳಕ್ಕೆ ಬಿಡಬಹುದು. ಎರಡೂ ಬೇಕಾದವೇ. ಆದರೆ ಒಂದಕ್ಕೆ ಹಣ ಬಹಳ ಬೇಕು, ಇನ್ನೊಂದಕ್ಕೆ ಕಣಿವೆಯೂ ಕಾಡೂ ಬೇಕು. ಎರಡನೆಯ ದಾರಿ, ಬೇಡಿಕೆಯನ್ನೇ ಬಿಸಿಲಿರುವ ಹೊತ್ತಿಗೆ ಒಯ್ಯುವುದು. ಇಂಗ್ಲಿಷಿನಲ್ಲಿ ಇದಕ್ಕಿರುವ ಪದದಲ್ಲಿ ಹಕ್ಕಿನ ಒತ್ತಾಯವಿದೆ. ನಮ್ಮ ‘ಬೇಡಿಕೆ’ ಹುಟ್ಟಿದ್ದು ‘ಬೇಡು’ ಎಂಬ ಧಾತುವಿನಿಂದ. ಬೇಡುವವನಿಗೆ ‘ತುಸು ತಾಳಪ್ಪ’ ಎನ್ನುವುದು ನಮ್ಮ ಭಾಷೆಯಲ್ಲಿ ಅಸಂಗತವಲ್ಲ.

ಆದರೆ ಯಾವ ಬೇಡಿಕೆ ತಾಳಬಲ್ಲದು? ಶಸ್ತ್ರಚಿಕಿತ್ಸೆಯ ಕೋಣೆಯ ದೀಪ ತಾಳಲಾರದು. ಪರೀಕ್ಷೆಗೆ ಓದುವ ಹುಡುಗಿಯ ದೀಪ ತಾಳಲಾರದು. ಸೆಕೆಯ ರಾತ್ರಿ ಹಸುಗೂಸಿನ ಮೇಲೆ ತಿರುಗುವ ಫ್ಯಾನನ್ನು ತಾಳೆನ್ನುವುದು ಮನುಷ್ಯತ್ವವಲ್ಲ. ಆದರೆ ಬಚ್ಚಲಮನೆಯ ಗೀಜರ್ ಒಂದು ಗಂಟೆ ಮೊದಲು ನೀರು ಕಾಯಿಸಿಟ್ಟರೂ ಸ್ನಾನದ ಹೊತ್ತಿಗೆ ನೀರು ಬಿಸಿಯಾಗಿಯೇ ಇರುತ್ತದೆ. ಹಿಟ್ಟಿನ ಗಿರಣಿ ಸಂಜೆಯ ಬದಲು ಮಧ್ಯಾಹ್ನ ತಿರುಗಬಹುದು. ಬಡಾವಣೆಯ ನೀರಿನ ತೊಟ್ಟಿಯನ್ನು ಬಿಸಿಲಿನಲ್ಲಿಯೇ ತುಂಬಬಹುದು. ಶೀತಲಗೃಹವನ್ನು ಹಗಲಿನಲ್ಲಿ ತುಸು ಹೆಚ್ಚು ತಣ್ಣಗೆ ಮಾಡಿಟ್ಟರೆ ಸಂಜೆ ಎರಡು ಗಂಟೆ ಯಂತ್ರವನ್ನು ನಿಲ್ಲಿಸಿದರೂ ಆಲೂಗಡ್ಡೆ ಕೆಡುವುದಿಲ್ಲ. ಕಚೇರಿಯ ಮುಂದೆ ಹಗಲೆಲ್ಲ ನಿಂತಿರುವ ವಿದ್ಯುತ್ ಕಾರನ್ನು ಅಲ್ಲಿಯೇ ಚಾರ್ಜು ಮಾಡಬಹುದು. ಇವುಗಳಲ್ಲೆಲ್ಲ ಮನುಷ್ಯನಿಗೆ ಬೇಕಾದದ್ದು ಬಿಸಿನೀರು, ಹಿಟ್ಟು, ತಂಪು, ಪ್ರಯಾಣ. ವಿದ್ಯುತ್ತು ಯಾವ ಗಳಿಗೆಯಲ್ಲಿ ಹರಿಯಿತೆಂಬುದು ಅವನಿಗೆ ಮುಖ್ಯವಲ್ಲ. ಅಮೆರಿಕದ ಎಂ.ಐ.ಟಿ.ಯ ಪ್ರಾಧ್ಯಾಪಕ ಫ್ರೆಡ್ ಶ್ವೆಪ್ಪೆ ಮತ್ತು ಅವರ ಸಂಗಡಿಗರು 1980ರಲ್ಲಿಯೇ ಇದನ್ನು ವಿವರಿಸಿ ಬರೆದರು. ದೇಹದ ಅಂಗಗಳು ಒಂದಕ್ಕೊಂದು ಓಗೊಟ್ಟು ಮೈಯ ಶಾಖವನ್ನು ಒಂದೇ ಮಟ್ಟದಲ್ಲಿ ಇಡುವಂತೆ, ವಿದ್ಯುತ್ತಿನ ಪೂರೈಕೆ ಮತ್ತು ಬೇಡಿಕೆ ಬೆಲೆಯ ಮೂಲಕ ಒಂದಕ್ಕೊಂದು ಓಗೊಡಬೇಕೆಂಬುದು ಅವರ ವಿಚಾರ. ಅದನ್ನು ಮನೆಮನೆಗೆ ಮುಟ್ಟಿಸುವ ಸಾಧನ ಆಗ ಇರಲಿಲ್ಲ, ಈಗ ಇದೆ.

ಜನ ಒಟ್ಟಾಗಿ ಗುಂಡಿಯೊತ್ತಿದರೆ ಏನಾಗಬಹುದೆಂಬುದಕ್ಕೆ ನಮ್ಮ ದೇಶದಲ್ಲಿಯೇ ಒಂದು ದೊಡ್ಡ ನಿದರ್ಶನವುಂಟು. 2020ರ ಏಪ್ರಿಲ್ 5ರ ರಾತ್ರಿ ಒಂಬತ್ತು ಗಂಟೆಗೆ, ಕೊರೊನಾ ಪಿಡುಗಿನ ದಿಗ್ಬಂಧನದ ಕಾಲದಲ್ಲಿ, ಪ್ರಧಾನಿಯವರ ಕರೆಯ ಮೇರೆಗೆ ಜನ ಒಂಬತ್ತು ನಿಮಿಷ ಮನೆಯ ವಿದ್ಯುದ್ದೀಪಗಳನ್ನು ಆರಿಸಿ ಹಣತೆ ಹಚ್ಚಿದರು. ಬೇಡಿಕೆ ಸುಮಾರು 12ರಿಂದ 14 ಸಾವಿರ ಮೆಗಾವಾಟ್ ಇಳಿಯಬಹುದೆಂದು ಜಾಲವನ್ನು ನಡೆಸುವವರು ಎಣಿಸಿದ್ದರು. ಇಳಿದದ್ದು 31 ಸಾವಿರ ಮೆಗಾವಾಟ್. ಮೊದಲೇ ಸಿದ್ಧರಾಗಿ ನಿಂತಿದ್ದ ಜಲವಿದ್ಯುತ್ ಕೇಂದ್ರಗಳು ಆ ಕೆಲವು ನಿಮಿಷಗಳಲ್ಲಿ 17 ಸಾವಿರ ಮೆಗಾವಾಟಿಗೂ ಮಿಕ್ಕಿ ಉತ್ಪಾದನೆಯನ್ನು ತಗ್ಗಿಸಿ, ದೀಪಗಳು ಮತ್ತೆ ಹತ್ತಿದಾಗ ಮತ್ತೆ ಏರಿಸಿದವು. ನಾಡಿ ಒಮ್ಮೆ 50.26ಕ್ಕೆ ಏರಿತು, ಒಮ್ಮೆ 49.70ಕ್ಕೆ ಇಳಿಯಿತು, ನಿಲ್ಲಲಿಲ್ಲ. ಈ ಘಟನೆಯಲ್ಲಿ ಎರಡು ಪಾಠಗಳಿವೆ. ಮನೆಯ ಒಂದು ದೀಪ ಕಿರಿದು, ಕೋಟಿ ದೀಪಗಳು ಕಿರಿದಲ್ಲ ಎಂಬುದು ಒಂದು. ಮುಂಚಿತವಾಗಿ ಅಳೆದು, ಹೇಳಿ, ಸಿದ್ಧವಾಗಿರದಿದ್ದರೆ ಆ ಕೋಟಿ ದೀಪಗಳ ಬಲವೇ ಜಾಲಕ್ಕೆ ಅಪಾಯ ತರಬಲ್ಲದು ಎಂಬುದು ಇನ್ನೊಂದು.

ಆ ಬಲವನ್ನು ಬೇರೆ ದೇಶಗಳಲ್ಲಿ ಬಳಸಿಕೊಂಡ ಬಗೆಯನ್ನು ನೋಡಬಹುದು. ಉಕ್ರೇನ್ ಯುದ್ಧದಿಂದ ಅನಿಲದ ಅಭಾವ ತಲೆದೋರಿದ 2022–23ರ ಚಳಿಗಾಲದಲ್ಲಿ ಬ್ರಿಟನ್ನಿನ ಜಾಲನಿರ್ವಾಹಕರು ಮನೆಗಳಿಗೆ ಒಂದು ಪ್ರಸ್ತಾಪವನ್ನಿಟ್ಟರು: ನಾವು ಹೇಳಿದ ಒಂದೆರಡು ಗಂಟೆ ಬಳಕೆಯನ್ನು ತಗ್ಗಿಸಿದರೆ ಉಳಿಸಿದ ಯೂನಿಟ್ಟಿಗೆ ಹಣ ಕೊಡುತ್ತೇವೆ. ಪೂರೈಸುವ ಸಂಸ್ಥೆಗಳಿಗೆ ಯೂನಿಟ್ಟಿಗೆ ಮೂರು ಪೌಂಡು ಕೊಡುವುದಾಗಿ ಖಾತರಿಯಿತ್ತು. ಅದರಲ್ಲಿ ಒಂದು ಪಾಲು ಮನೆಯವರಿಗೆ ಸಂದಿತು. ಸುಮಾರು 16 ಲಕ್ಷ ಮನೆಗಳು ಮತ್ತು ಉದ್ಯಮಗಳು ಸೇರಿಕೊಂಡು ಆ ಚಳಿಗಾಲದಲ್ಲಿ 33 ಲಕ್ಷ ಯೂನಿಟ್ ಉಳಿಸಿದವು. ಅದೇ 2022ರ ಸೆಪ್ಟೆಂಬರ್ 6ರಂದು ಕ್ಯಾಲಿಫೋರ್ನಿಯಾದಲ್ಲಿ, ಸ್ಯಾಕ್ರಮೆಂಟೊ ನಗರದ ತಾಪ 46 ಡಿಗ್ರಿ ಸೆಲ್ಸಿಯಸ್ ದಾಟಿದ ದಿನ, ಬೇಡಿಕೆ ಹಿಂದೆಂದೂ ಕಾಣದ 52 ಸಾವಿರ ಮೆಗಾವಾಟನ್ನು ಮುಟ್ಟಿತು. ಸಂಜೆ ಐದೂಮುಕ್ಕಾಲರ ಹೊತ್ತಿಗೆ ಸರ್ಕಾರ 2 ಕೋಟಿ 70 ಲಕ್ಷ ಫೋನುಗಳಿಗೆ ಒಂದು ಸಂದೇಶ ಕಳಿಸಿತು. ಅರ್ಧ ಗಂಟೆಯೊಳಗೆ ಬೇಡಿಕೆ 2,000 ಮೆಗಾವಾಟಿನಷ್ಟು ಇಳಿದು, ಊರುಗಳನ್ನು ಕತ್ತಲೆಗೆ ನೂಕಬೇಕಾದ ಪ್ರಸಂಗ ತಪ್ಪಿತು. ಅಲ್ಲಿ ಜನ ಹಣಕ್ಕಾಗಿ ಮಾಡಲಿಲ್ಲ, ಕರೆಗೆ ಓಗೊಟ್ಟು ಮಾಡಿದರು. ಆದರೆ ಪ್ರತಿ ಸಂಜೆಯೂ ಕರೆ ಬಂದರೆ ಓಗೊಡುವವರು ಎಷ್ಟು ದಿನ ಉಳಿದಾರು? ಆಪತ್ತಿಗೆ ಕರೆ ಸಾಕು. ನಿತ್ಯಕ್ಕೆ ಒಂದು ವ್ಯವಸ್ಥೆ ಬೇಕು.

ಆ ವ್ಯವಸ್ಥೆ ದೊಡ್ಡ ಪ್ರಮಾಣದಲ್ಲಿ ನಡೆಯಲು ಮೊದಲು ಬೇಕಾದದ್ದು ಚಿಕ್ಕದನ್ನು ಒಗ್ಗೂಡಿಸುವ ಕೈ. ಒಂದು ಗೀಜರ್ ಎಳೆಯುವುದು ಸುಮಾರು ಎರಡು ಕಿಲೋವಾಟ್. ಪೇಟೆಯಲ್ಲಿ ಅದನ್ನು ಯಾರೂ ಕೇಳುವುದಿಲ್ಲ. ಒಂದು ಲಕ್ಷ ಗೀಜರುಗಳು ಒಟ್ಟಾಗಿ ತಾಳಿದರೆ 200 ಮೆಗಾವಾಟ್. ರಾಯಚೂರಿನ ಒಂದು ಘಟಕಕ್ಕೆ ಹೆಚ್ಚುಕಡಿಮೆ ಸಮ. ನಮ್ಮ ಹಳ್ಳಿಗಳ ಹಾಲಿನ ಸೊಸೈಟಿ ಮಾಡುವುದು ಇದೇ ಕೆಲಸವನ್ನಲ್ಲವೆ? ಒಬ್ಬಾಕೆ ಎರಡು ಲೀಟರು ತರುತ್ತಾಳೆ, ಇನ್ನೊಬ್ಬ ನಾಲ್ಕು ಲೀಟರು ತರುತ್ತಾನೆ. ಅಳೆದು, ಜಿಡ್ಡಿನಂಶವನ್ನು ಪರೀಕ್ಷಿಸಿ, ಲೆಕ್ಕ ಬರೆದು, ಹಣ ಕೊಟ್ಟು, ಎಲ್ಲವನ್ನೂ ಒಂದು ಟ್ಯಾಂಕರಿಗೆ ಸೇರಿಸಿ ಪಟ್ಟಣಕ್ಕೆ ಕಳಿಸುತ್ತಾರೆ. ತಾಳ್ಮೆಯನ್ನೂ ಹೀಗೆಯೇ ಕೂಡಿಸಿ ಪೇಟೆಗೆ ಒಯ್ಯುವ ಸಂಸ್ಥೆಗಳು ಬೇಕು.

ಎರಡನೆಯದಾಗಿ ಬೇಕಾದದ್ದು ನಂಬಿಕೆಗೆ ಅರ್ಹವಾದ ಅಳತೆ. ಇಲ್ಲಿ ಒಂದು ತರ್ಕದ ಸಮಸ್ಯೆ ಇದೆ. ಹಾಲನ್ನು ಅಳೆಯಬಹುದು, ಬಳಸದೆ ಬಿಟ್ಟ ವಿದ್ಯುತ್ತನ್ನು ಅಳೆಯುವುದೆಂತು? ಇಲ್ಲದ ವಸ್ತುವಿನ ಜ್ಞಾನ ಹೇಗೆ ಬರುತ್ತದೆಂದು ನಮ್ಮ ದಾರ್ಶನಿಕರು ಬಹಳ ಚರ್ಚಿಸಿದ್ದಾರೆ. ನೆಲದ ಮೇಲೆ ಮಡಕೆ ಇಲ್ಲವೆಂಬ ಅರಿವಿಗೆ ‘ಅನುಪಲಬ್ಧಿ’ ಎಂಬ ಬೇರೊಂದು ಪ್ರಮಾಣವನ್ನೇ ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಒಪ್ಪಿದರು. ಅದಕ್ಕೊಂದು ಕಟ್ಟುಪಾಡೂ ಇದೆ: ಮಡಕೆ ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬಂಥ ಸಂದರ್ಭದಲ್ಲಿ ಮಾತ್ರ ಕಾಣದಿರುವುದು ಪ್ರಮಾಣವಾಗುತ್ತದೆ. ವಿದ್ಯುತ್ತಿನ ಲೆಕ್ಕಿಗನ ಪಾಡೂ ಇದೇ. ಹಿಂದಿನ ಕೆಲವು ದಿನಗಳ ಅದೇ ಹೊತ್ತಿನ ಬಳಕೆಯನ್ನು ನೋಡಿ, ‘ಇಂದೂ ಈ ಮನೆ ಇಷ್ಟನ್ನು ಬಳಸಬೇಕಾಗಿತ್ತು, ಬಳಸಲಿಲ್ಲ’ ಎಂದು ನಿರ್ಣಯಿಸುತ್ತಾನೆ. ಊರಿಗೆ ಹೋಗಿ ಬೀಗ ಹಾಕಿದ ಮನೆಯೂ ಹಾಗೆಯೇ ಕಾಣುವುದರಿಂದ ಮಾಡದ ತ್ಯಾಗಕ್ಕೂ ಹಣ ಸಂದೀತು. ಮೊದಲಿನ ದಿನಗಳಲ್ಲಿ ಬೇಕೆಂದೇ ಹೆಚ್ಚು ಬಳಸಿ ಆಮೇಲೆ ಉಳಿತಾಯ ತೋರಿಸುವ ಜಾಣರೂ ಹುಟ್ಟಿಯಾರು. ಹದಿನೈದು ನಿಮಿಷಕ್ಕೊಮ್ಮೆ ಬಳಕೆಯನ್ನು ಗುರುತಿಸುವ ಮೀಟರುಗಳಿಲ್ಲದೆ ಈ ಲೆಕ್ಕವಂತೂ ಸಾಧ್ಯವೇ ಇಲ್ಲ.

ಉಳಿತಾಯವನ್ನು ಲೆಕ್ಕ ಹಾಕುವ ಗೋಜಿಲ್ಲದೆ ಬೆಲೆಯನ್ನೇ ಹೊತ್ತಿಗೆ ತಕ್ಕಂತೆ ಇಡುವುದು ಇನ್ನೊಂದು ಕ್ರಮ. ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ತಿದ್ದಿದ ಗ್ರಾಹಕರ ಹಕ್ಕುಗಳ ನಿಯಮದಲ್ಲಿ ಇದು ಸೇರಿದೆ. ಬಿಸಿಲಿನ ಎಂಟು ಗಂಟೆಗಳ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ನೂರಕ್ಕೆ 20ರಷ್ಟು ಕಡಿಮೆಯಿರಬೇಕು. ಬೇಡಿಕೆ ಏರುವ ಹೊತ್ತಿನ ದರ ಉದ್ಯಮಗಳಿಗೆ 1.2 ಪಟ್ಟಿಗೂ ಉಳಿದವರಿಗೆ 1.1 ಪಟ್ಟಿಗೂ ಕಡಿಮೆಯಿರಬಾರದು. ದೊಡ್ಡ ಗ್ರಾಹಕರಿಗೆ 2024ರ ಏಪ್ರಿಲಿನಿಂದಲೂ ಕೃಷಿಕರನ್ನು ಬಿಟ್ಟು ಉಳಿದವರಿಗೆ 2025ರ ಏಪ್ರಿಲಿನಿಂದಲೂ, ಹೊಸ ಮೀಟರು ಬಂದಂತೆಲ್ಲ, ಇದು ಅನ್ವಯಿಸಬೇಕೆಂದು ಗೊತ್ತುಮಾಡಿದರು. ಕರ್ನಾಟಕದ ಕಾರ್ಖಾನೆಗಳಿಗೆ ಬಹುಕಾಲ ರಾತ್ರಿಯ ಬಳಕೆಗೆ ರಿಯಾಯಿತಿ, ಸಂಜೆಯ ಬಳಕೆಗೆ ಹೆಚ್ಚಿನ ದರ ಎಂಬ ಕ್ರಮ ನಡೆದುಬಂದಿತ್ತು. ರಾತ್ರಿಯೂ ನಿಲ್ಲದ ಕಲ್ಲಿದ್ದಲಿನ ಕಾಲಕ್ಕೆ ಅದು ಸರಿಯಾದ ಲೆಕ್ಕ. ಅಗ್ಗದ ಹೊತ್ತು ಈಗ ನಡುರಾತ್ರಿಯಿಂದ ನಡುಹಗಲಿಗೆ ಬಂದಿದೆ.

ಆದರೆ ಪೇಟೆಯ ಬೆಲೆಯನ್ನು ಲಂಗುಲಗಾಮಿಲ್ಲದೆ ಮನೆಯ ಬಾಗಿಲಿಗೆ ಬಿಟ್ಟರೆ ಏನಾಗುತ್ತದೆಂಬುದನ್ನು 2021ರ ಫೆಬ್ರವರಿಯಲ್ಲಿ ಟೆಕ್ಸಾಸ್ ರಾಜ್ಯ ಕಂಡಿತು. ಹಿಮಗಾಳಿಗೆ ಅನಿಲದ ಕೊಳವೆಗಳೂ ಯಂತ್ರಗಳೂ ಹೆಪ್ಪುಗಟ್ಟಿದವು. ಯೂನಿಟ್ಟಿನ ಸಗಟು ಬೆಲೆ ಒಂಬತ್ತು ಡಾಲರಿಗೇರಿ ದಿನಗಟ್ಟಲೆ ಅಲ್ಲಿಯೇ ನಿಂತಿತು. ಸಗಟು ದರಕ್ಕೇ ಒಪ್ಪಂದ ಮಾಡಿಕೊಂಡಿದ್ದ ಮನೆಗಳಿಗೆ ಸಾವಿರಾರು ಡಾಲರುಗಳ ಬಿಲ್ಲು ಬಂತು. ಆ ದುರಂತದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಚಳಿಯಲ್ಲಿ ನಡುಗುವವನಿಗೆ ‘ಬೆಲೆ ಏರಿದೆ, ಬಳಕೆ ತಗ್ಗಿಸು’ ಎಂದು ಹೇಳುವುದರಲ್ಲಿ ಅರ್ಥವಿಲ್ಲ. ತಾಳಬಲ್ಲ ಬೇಡಿಕೆ ಯಾವುದು, ತಾಳಲಾಗದ್ದು ಯಾವುದು ಎಂಬ ವಿವೇಕ ಪೇಟೆಗೆ ತಾನಾಗಿ ಹುಟ್ಟುವುದಿಲ್ಲ. ಅದನ್ನು ನಿಯಮ ಮಾಡುವವರು ತಂದುಕೊಡಬೇಕು.

ಇಷ್ಟು ಹೇಳಿದ ಮೇಲೆ ನಮ್ಮ ನಾಡಿನ ಅತಿ ದೊಡ್ಡ ತಾಳ್ಮೆಯ ಕಡೆಗೆ ತಿರುಗಬೇಕು. ಕರ್ನಾಟಕದಲ್ಲಿ ನೀರಾವರಿಯ ಪಂಪ್‌ಸೆಟ್ಟುಗಳು 30 ಲಕ್ಷಕ್ಕೂ ಹೆಚ್ಚು. ರಾಜ್ಯದ ವಿದ್ಯುತ್ ಬಳಕೆಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಅವುಗಳದು. ಐದು ಅಶ್ವಶಕ್ತಿಯ ಒಂದು ಪಂಪು ಎಳೆಯುವುದು ನಾಲ್ಕು ಕಿಲೋವಾಟಿನ ಸಮೀಪ. ಒಂದು ಲಕ್ಷ ಪಂಪುಗಳೆಂದರೆ 400 ಮೆಗಾವಾಟಿನ ಸಮೀಪ. ಬೆಳೆಗೆ ನೀರು ಇಂದು ಬೆಳಿಗ್ಗೆ ಹತ್ತಕ್ಕೆ ಬಂದರೂ ಮಧ್ಯಾಹ್ನ ಎರಡಕ್ಕೆ ಬಂದರೂ ಅದೇ ನೀರು. ಹೀಗಾಗಿ ಬಿಸಿಲಿಗೆ ತಕ್ಕಂತೆ ಸರಿಸಬಹುದಾದ ಬೇಡಿಕೆ ಇದಕ್ಕಿಂತ ದೊಡ್ಡದು ನಮ್ಮಲ್ಲಿ ಇನ್ನೊಂದಿಲ್ಲ.

ವಿಷಾದದ ಸಂಗತಿಯೆಂದರೆ, ಈ ಬೇಡಿಕೆಯನ್ನು ನಾವು ಹಲವು ದಶಕಗಳಿಂದ ಸರಿಸುತ್ತಲೇ ಬಂದಿದ್ದೇವೆ, ರೈತನನ್ನು ಕೇಳದೆ. ಪಟ್ಟಣದ ದೀಪಗಳೂ ಕಾರ್ಖಾನೆಗಳೂ ಉಂಡು ಮಿಕ್ಕದ್ದನ್ನು ಹೊಲಕ್ಕೆ ಕಳಿಸುವುದು ಪದ್ಧತಿಯಾಯಿತು. ಮಿಗುತ್ತಿದ್ದುದು ನಡುರಾತ್ರಿಯಲ್ಲಿ. ತ್ರೀಫೇಸ್ ಕರೆಂಟು ರಾತ್ರಿ ಎರಡಕ್ಕೆ ಬಂದರೆ ಎರಡಕ್ಕೇ ರೈತ ಎದ್ದು, ಟಾರ್ಚು ಹಿಡಿದು, ಹಾವುಚೇಳುಗಳ ನಡುವೆ ಬದುವಿನ ಮೇಲೆ ನಡೆದು ಹೋಗಿ ನೀರು ತಿರುಗಿಸಬೇಕಾಗಿತ್ತು. ಬಾರದಿದ್ದರೆ ಕಾಯಬೇಕಾಗಿತ್ತು. ಬೇಸತ್ತು ಆಟೊ ಸ್ಟಾರ್ಟರ್ ಹಾಕಿ ಮಲಗಿದರೆ, ಕರೆಂಟು ಬಂದಷ್ಟು ಹೊತ್ತೂ ಪಂಪು ಓಡಿ ನೀರು ಪೋಲಾಗುತ್ತಿತ್ತು. 2023ರಲ್ಲಿ ಮಳೆ ಕೈಕೊಟ್ಟು ಜಲಾಶಯಗಳು ತುಂಬದೆ ಹೋದಾಗ ಏಳು ಗಂಟೆಯ ಬದಲು ಐದು ಗಂಟೆ ಎಂದು ಮೊದಲು ಮೊಟಕಾದದ್ದೂ ಹೊಲದ ಪಾಲೇ. ಲಂಡನ್ನಿನ ಗೃಹಿಣಿ ಒಂದು ಗಂಟೆ ಬಟ್ಟೆ ಒಗೆಯುವ ಯಂತ್ರವನ್ನು ನಿಲ್ಲಿಸಿದರೆ ಅದಕ್ಕೊಂದು ಹೆಸರಿದೆ, ಲೆಕ್ಕವಿದೆ, ಸಂಭಾವನೆಯಿದೆ. ನಮ್ಮ ರೈತ ಇರುಳುಗಟ್ಟಲೆ ಕಾದದ್ದು ಯಾವ ಲೆಕ್ಕದ ಪುಸ್ತಕದಲ್ಲಿಯೂ ಇಲ್ಲ.

ಅವನಿಗೆ ವಿದ್ಯುತ್ತನ್ನು ಪುಕ್ಕಟೆಯಾಗಿ ಕೊಡುತ್ತಿಲ್ಲವೇ ಎಂದು ಕೇಳುವವರುಂಟು. ಹತ್ತು ಅಶ್ವಶಕ್ತಿಯವರೆಗಿನ ಪಂಪುಗಳಿಗೆ 2008ರಿಂದ ಉಚಿತ ವಿದ್ಯುತ್ತಿದೆ. ಅದರ ಭಾರವನ್ನು ಸರ್ಕಾರದ ಬೊಕ್ಕಸ ಹೊರುತ್ತಿದೆ. ಈ ಮಾತಿನಲ್ಲಿ ಹುರುಳಿಲ್ಲದಿಲ್ಲ. ಆದರೆ ಪುಕ್ಕಟೆಯ ಸರಕಿಗೆ ಎರಡು ದೋಷಗಳಿವೆ. ಕೊಟ್ಟವನು ಯಾವಾಗ ಕೊಟ್ಟರೂ, ಎಷ್ಟು ಕೊಟ್ಟರೂ ಕೇಳುವಂತಿಲ್ಲ ಎಂಬುದು ಒಂದು. ಉಳಿಸಿದರೆ ಉಳಿಸಿದವನಿಗೆ ಏನೂ ದಕ್ಕುವುದಿಲ್ಲ ಎಂಬುದು ಇನ್ನೊಂದು. ಹೊತ್ತಿನ ಬೆಲೆ ಎರಡೋ ಹತ್ತೋ, ರೈತನ ಮನೆಬಾಗಿಲಲ್ಲಿ ಅದು ಸೊನ್ನೆಯೇ; ಆದ್ದರಿಂದ ಅವನ ತಾಳ್ಮೆಗೂ ಸೊನ್ನೆಯೇ ಬೆಲೆ.

ಈ ಗಂಟನ್ನು ಬಿಡಿಸುವ ಯತ್ನಗಳು ಆರಂಭವಾಗಿವೆ. ಹಳ್ಳಿಯ ಮನೆಗಳ ತಂತಿಮಾರ್ಗವನ್ನೂ ಪಂಪುಗಳ ತಂತಿಮಾರ್ಗವನ್ನೂ ಬೇರ್ಪಡಿಸುವ ‘ನಿರಂತರ ಜ್ಯೋತಿ’ ಯೋಜನೆ ಮೊದಲ ಹೆಜ್ಜೆಯಾಯಿತು. 2019ರಲ್ಲಿ ಮೊದಲಾದ ಕೇಂದ್ರದ ‘ಕುಸುಮ್’ ಯೋಜನೆಯಡಿ, ಪಂಪುಗಳ ಮಾರ್ಗಕ್ಕೆ ಹತ್ತಿರದಲ್ಲಿಯೇ ಸೌರ ಘಟಕವನ್ನು ಕಟ್ಟಿ, ಹಗಲಿನಲ್ಲಿಯೇ ನೀರೆತ್ತಲು ವಿದ್ಯುತ್ತು ಕೊಡುವ ಕೆಲಸ ನಡೆದಿದೆ. ಬಿಸಿಲು ಹೆಚ್ಚಿದಾಗ ಪಂಪು, ದೀಪ ಹತ್ತಿದಾಗ ಮನೆ: ಜಾಲಕ್ಕೂ ಇದು ಹಿತ, ರೈತನ ನಿದ್ದೆಗೂ ಹಿತ. ಆದರೆ ಒಂದು ಎಚ್ಚರ ಬೇಕು. ಕೋಲಾರ, ಚಿಕ್ಕಬಳ್ಳಾಪುರಗಳಲ್ಲಿ ಕೊಳವೆಬಾವಿಗಳು ಸಾವಿರ ಅಡಿಯನ್ನು ದಾಟಿ ಇಳಿದಿವೆ. ಹಗಲಿನ ವಿದ್ಯುತ್ತು ಸಲೀಸಾಗಿ, ಪುಕ್ಕಟೆಯಾಗಿ ಹರಿದರೆ ನೆಲದೊಳಗಿನ ನೀರು ಇನ್ನಷ್ಟು ಬೇಗ ಬರಿದಾದೀತು. ಇಂಗಾಲವನ್ನು ಉಳಿಸಿ ಅಂತರ್ಜಲವನ್ನು ಕಳೆದುಕೊಂಡರೆ ಅದು ಲಾಭದ ವ್ಯಾಪಾರವಲ್ಲ.

ಪಂಜಾಬ್ ಸರ್ಕಾರ 2018ರಲ್ಲಿ ಆರಂಭಿಸಿದ ಒಂದು ಪ್ರಯೋಗ ಇಲ್ಲಿ ನೆನೆಯತಕ್ಕದ್ದು. ‘ಪಾನಿ ಬಚಾವೋ ಪೈಸಾ ಕಮಾವೋ’, ಎಂದರೆ ‘ನೀರು ಉಳಿಸಿ ಹಣ ಗಳಿಸಿ’, ಎಂಬುದು ಅದರ ಹೆಸರು. ಅಲ್ಲಿಯೂ ರೈತನಿಗೆ ವಿದ್ಯುತ್ತು ಉಚಿತವೇ. ಯೋಜನೆಗೆ ಸೇರುವುದು ಅವನ ಇಚ್ಛೆ. ಸೇರಿದವನ ಪಂಪಿಗೆ ಮೀಟರು ಹಾಕಿ, ಇಷ್ಟು ಯೂನಿಟ್ ಅವನ ಪಾಲೆಂದು ಗೊತ್ತುಮಾಡುತ್ತಾರೆ. ಅದರಲ್ಲಿ ಉಳಿಸಿದ ಪ್ರತಿ ಯೂನಿಟ್ಟಿಗೂ ನಾಲ್ಕು ರೂಪಾಯಿ ಅವನ ಬ್ಯಾಂಕಿನ ಖಾತೆಗೆ ಸೇರುತ್ತದೆ. ಪುಕ್ಕಟೆಯದನ್ನು ಕಿತ್ತುಕೊಳ್ಳದೆ, ಪುಕ್ಕಟೆಯದಕ್ಕೆ ಒಂದು ಬೆಲೆಯನ್ನು ಕಟ್ಟಿ ಅದನ್ನು ರೈತನ ಕೈಗೇ ಕೊಟ್ಟ ಉಪಾಯ ಇದು. ಉಳಿತಾಯಕ್ಕೆ ಹೀಗೆ ಬೆಲೆ ಕಟ್ಟಬಹುದಾದರೆ ಹೊತ್ತಿಗೂ ಕಟ್ಟಬಹುದು. ‘ಇಂದು ಮೋಡ ಕವಿದಿದೆ, ನಿನ್ನ ಪಂಪನ್ನು ನಾಳೆಗೆ ಬಿಡು’ ಎಂದು ಕೇಳಿ, ಒಪ್ಪಿದವನಿಗೆ ಒಪ್ಪಿದಷ್ಟು ಸಲ್ಲಿಸಬಹುದು.

ಇಂಥ ಏರ್ಪಾಡು ನಮ್ಮ ನಾಡಿಗೆ ಅಪರಿಚಿತವೇನಲ್ಲ. ಹಳೆಯ ಮೈಸೂರು ಸೀಮೆಯ ಕೆರೆಗಳಿಗೆ ಒಬ್ಬ ನೀರುಗಂಟಿ ಇರುತ್ತಿದ್ದ. ತೂಬು ಎತ್ತುವುದು, ಇಳಿಸುವುದು, ಯಾವ ಗದ್ದೆಗೆ ಯಾವ ಹೊತ್ತಿನಲ್ಲಿ ಎಷ್ಟು ನೀರೆಂದು ಸರದಿ ನಡೆಸುವುದು ಅವನ ಕೆಲಸ. ಕೆರೆ ತುಂಬಿದ ವರ್ಷ ಒಂದು ಸರದಿ, ಅರೆ ತುಂಬಿದ ವರ್ಷ ಇನ್ನೊಂದು. ಸುಗ್ಗಿಯಲ್ಲಿ ಕಣದ ರಾಶಿಯಿಂದಲೇ ಅವನಿಗೆ ಪಾಲು ಸಲ್ಲುತ್ತಿತ್ತು. ಆ ವ್ಯವಸ್ಥೆಯಲ್ಲಿ ಹುಳುಕುಗಳಿರಲಿಲ್ಲವೆಂದು ಹೇಳಲಾರೆ; ಕೆರೆಯ ನೀರಿನಲ್ಲಿ ಪಾಲೇ ಇಲ್ಲದ ಜನವೂ ಊರಿನಲ್ಲಿದ್ದರು. ಆದರೆ ಸರದಿ ಯಾರದೆಂಬುದು ಎಲ್ಲರಿಗೂ ಮುಂಚಿತವಾಗಿ ತಿಳಿದಿರುತ್ತಿತ್ತು. ತಿಳಿದ ಸರದಿಗೆ ಕಾಯುವುದು ಬೇರೆ, ಬಾರದ ಕರೆಂಟಿಗೆ ಕಾಯುವುದು ಬೇರೆ.

ಮುಂದಿನ ವಿದ್ಯುತ್ ಪೇಟೆಯನ್ನು ಕಟ್ಟುವವರು ಮೂರು ಮಾತುಗಳನ್ನು ಮರೆಯಬಾರದು. ಕಾಯಲಾಗದವನನ್ನು ಕಾಯಿಸಬಾರದು. ಕಾಯುವವನನ್ನು ಮುಂಚಿತವಾಗಿ ಕೇಳಿ ಒಪ್ಪಿಸಬೇಕು. ಕಾದದ್ದರಿಂದ ಜಾಲಕ್ಕೆ ಉಳಿದ ಹಣದಲ್ಲಿ ಕಾದವನಿಗೆ ಪಾಲು ಸಲ್ಲಬೇಕು. ಹೊಸ ಮೀಟರುಗಳೂ ವಿನಿಮಯ ಕೇಂದ್ರಗಳೂ ಬೆಂಗಳೂರಿನ ಕಾರು, ಗೀಜರುಗಳ ತಾಳ್ಮೆಗೆ ಮಾತ್ರ ಬೆಲೆ ಕಟ್ಟಿ, ಪಾವಗಡದ ಬದುವಿನ ಮೇಲೆ ನಿಂತವನ ತಾಳ್ಮೆಯನ್ನು ಹಿಂದಿನಂತೆಯೇ ಬಿಟ್ಟಿಯಾಗಿ ಪಡೆದರೆ, ಇಂಗಾಲದ ಲೆಕ್ಕ ತುಸು ಹಗುರಾದೀತು. ಊರಿಗೂ ಪಟ್ಟಣಕ್ಕೂ ಇರುವ ಹಳೆಯ ಲೆಕ್ಕ ಹಾಗೆಯೇ ಉಳಿದೀತು. ಬಿಸಿಲು ಬೀಳುವುದು ಎಲ್ಲರ ನೆಲದ ಮೇಲೆ. ಅದರ ಹೊತ್ತಿಗೆ ತಕ್ಕಂತೆ ಬದುಕನ್ನು ಹೊಂದಿಸಿಕೊಳ್ಳುವ ಹೊಣೆಯೂ ಅದರಿಂದ ಬರುವ ಫಲವೂ ಎಲ್ಲರಿಗೂ ಸಮನಾಗಿ ಹಂಚಿಹೋಗಬೇಕು.